ಬಯೋಚಾರ್ ಹಾಕಿದ ಮೇಲೆ ಎರೆಹುಳು ನಿಲ್ಲದಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಗೋವಿನಜೋಳದ ದಂಟು ಮೊದಲಾದವನ್ನು ಬದುವಿನ ಮೇಲೆ ಬೆಂಕಿ ಹಚ್ಚಿ ಬೂದಿ ಮಾಡುವ ಬದಲು, ಗುಂಡಿಯಲ್ಲೋ ಡ್ರಮ್ಮಿನಲ್ಲೋ ಹೆಚ್ಚು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನ ಪುಡಿಯನ್ನು, ಅಂದರೆ ಬಯೋಚಾರನ್ನು, ಎರೆಗೊಬ್ಬರದ ತೊಟ್ಟಿಗೆ ಅಥವಾ ಹೊಲಕ್ಕೆ ಸೇರಿಸುವ ರೈತರಿಂದ ನಾನು ಪದೇ ಪದೇ ಕೇಳುವ ದೂರು ಒಂದೇ: ಬಯೋಚಾರ್ ಹಾಕಿದ ಮೇಲೆ ಎರೆಹುಳು ಉಳಿಯಲಿಲ್ಲ. ಕುಂದಗೋಳದ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಕೇಳಿದ್ದೂ ಇದೇ ದೂರು, ಹಾನಗಲ್ಲಿನ ಭತ್ತದ ಸೀಮೆಯಲ್ಲಿ ಕೇಳಿದ್ದೂ ಇದೇ, ಶಿರಹಟ್ಟಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಕೇಳಿದ್ದೂ ಇದೇ. ಆದರೆ ಮಾತು ಒಂದೇ ಆದರೂ ಅದರ ಹಿಂದಿನ ದೋಷ ಒಂದೇ ಅಲ್ಲ. ಒಂದು ತೊಟ್ಟಿಯಲ್ಲಿ ಇದ್ದಿಲು ಹುಳುವಿನ ಮೈಯ ನೀರನ್ನು ಕಸಿದಿರುತ್ತದೆ. ಇನ್ನೊಂದರಲ್ಲಿ ಇದ್ದಿಲಿನ ಜೊತೆಗೆ ಬಂದ ಬೂದಿ ಮೈ ಸುಟ್ಟಿರುತ್ತದೆ. ಮತ್ತೊಂದರಲ್ಲಿ ಇದ್ದಿಲು ನಿಮಿತ್ತ ಮಾತ್ರವಾಗಿ, ಹಸಿ ಸಗಣಿಯಿಂದ ಎದ್ದ ಅಮೋನಿಯಾ ಕೊಂದಿರುತ್ತದೆ. ಒಂದಕ್ಕೆ ಮಾಡುವ ಉಪಾಯ ಮತ್ತೊಂದಕ್ಕೆ ನಾಟುವುದಿಲ್ಲವಾದ್ದರಿಂದ, ಏನನ್ನಾದರೂ ಬದಲಿಸುವ ಮೊದಲು ದೋಷ ಯಾವುದೆಂದು ಗುರುತಿಸಿಕೊಳ್ಳುವುದು ಅಗತ್ಯ. ಈ ಬರಹದ ಉದ್ದೇಶ ಅಷ್ಟೇ.

ಹುಳು ನಿಜವಾಗಿಯೂ ಹೋಗಿವೆಯೇ?

ಹೊಲದ ವಿಷಯದಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಮಾರ್ಚ್ ತಿಂಗಳಲ್ಲಿ ಬಯೋಚಾರ್ ಹರಡಿ, ಏಪ್ರಿಲ್‌ನಲ್ಲಿ ಸಲಿಕೆ ಹಾಕಿ ನೋಡಿ, ಒಂದು ಹುಳುವೂ ಸಿಗಲಿಲ್ಲವೆಂದು ಗಾಬರಿಯಾದವರನ್ನು ಕಂಡಿದ್ದೇನೆ. ನಮ್ಮ ಎರಿ ಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಮೇಲಿನ ಒಂದೆರಡು ಅಡಿಯಲ್ಲಿ ತೇವ ಇರುವುದಿಲ್ಲ. ಆಗ ಲ್ಯಾಂಪಿಟೊ ಮಾರಿಟೈ ಎಂಬಂಥ ನಾಡಹುಳುಗಳು ಆಳಕ್ಕಿಳಿದು, ಲೋಳೆ ಸವರಿದ ಪುಟ್ಟ ಗೂಡಿನಲ್ಲಿ ಗಂಟು ಹಾಕಿದಂತೆ ಸುರುಳಿಯಾಗಿ ಮಳೆಯವರೆಗೆ ಮಲಗಿರುತ್ತವೆ. ಇದು ದೋಷವಲ್ಲ. ಎಣಿಕೆ ಮಾಡುವುದಿದ್ದರೆ ಮುಂಗಾರು ಚೆನ್ನಾಗಿ ಹಿಡಿದು ಮಣ್ಣು ಹದವಾದ ಮೇಲೆ, ಇಲ್ಲವೇ ಹಿಂಗಾರಿ ಬಿತ್ತನೆಗೆ ಮೊದಲಿನ ಮಳೆ ಬಿದ್ದ ವಾರದ ನಂತರ ಮಾಡಬೇಕು.

ಎಣಿಸುವ ಕ್ರಮ ಸರಳವಾಗಿದೆ. ಉದ್ದ ಅಗಲ ತಲಾ 25 ಸೆಂ.ಮೀ. ಇರುವ ಚೌಕವನ್ನು ಗುರುತಿಸಿ, 30 ಸೆಂ.ಮೀ. ಆಳದವರೆಗೆ ಮಣ್ಣನ್ನು ಗೋಣಿ ತಟ್ಟಿನ ಮೇಲೆ ತೆಗೆದು, ಹೆಂಟೆ ಒಡೆದು, ಸಿಕ್ಕ ಹುಳುಗಳನ್ನು ಎಣಿಸಬೇಕು. ಆ ಸಂಖ್ಯೆಯನ್ನು 16ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಲೆಕ್ಕ ಸಿಗುತ್ತದೆ. ಬಯೋಚಾರ್ ಹಾಕಿದ ಜಾಗದಲ್ಲಿ ಐದು ಗುಂಡಿ, ಹಾಕದ ಜಾಗದಲ್ಲಿ ಐದು ಗುಂಡಿ ಒಂದೇ ದಿನ ತೆಗೆದು ನೋಡಬೇಕು. ಹಾಕದ ಜಾಗವನ್ನು ಬಿಟ್ಟೇ ಇಲ್ಲದವರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ, ಆದ್ದರಿಂದ ಬಯೋಚಾರ್ ಹಾಕುವಾಗಲೇ ನಾಲ್ಕು ಸಾಲನ್ನು ಹಾಗೆಯೇ ಬಿಡುವ ರೂಢಿ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಎರಡೂ ಕಡೆ ಹುಳು ಇಲ್ಲವೆಂದಾದರೆ ಕಾರಣ ಬೇರೆ ಇದೆ: ಹಿಂದಿನ ಬೆಳೆಗೆ ಹಾಕಿದ ಕಾರ್ಬೋಫ್ಯುರಾನ್‌ನಂಥ ಹರಳು ಕೀಟನಾಶಕ, ಪದೇ ಪದೇ ಹೊಡೆದ ರೋಟಾವೇಟರ್, ಅಥವಾ ವರ್ಷಗಟ್ಟಲೆ ಹೊಲಕ್ಕೆ ಗೊಬ್ಬರ ಬೀಳದಿರುವುದು. ಬಯೋಚಾರಿನ ಮೇಲೆ ತಪ್ಪು ಹೊರಿಸಿದರೆ ಆ ಮೂರೂ ಹಾಗೆಯೇ ಉಳಿದುಬಿಡುತ್ತವೆ.

ತೊಟ್ಟಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಹೆಚ್ಚಾಗಿ ಸಾಕುವ ಯೂಡ್ರಿಲಸ್ ಯೂಜೀನಿಯೆ ಎಂಬ ಉದ್ದನೆಯ ಆಫ್ರಿಕಾದ ಹುಳು ಸ್ವಭಾವತಃ ಅಲೆಮಾರಿ. ಮಳೆ ಬರುವ ರಾತ್ರಿಗಳಲ್ಲಿ, ಬಯೋಚಾರ್ ಕಾಣದ ತೊಟ್ಟಿಯಿಂದಲೂ ಅದು ಗೋಡೆ ಹತ್ತಿ ಹೊರಗೆ ಹೊರಡುತ್ತದೆ. ಒಂದೇ ರಾತ್ರಿಯ ಗುಳೆಯನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಮೋಡವಿಲ್ಲದ ಎರಡು ರಾತ್ರಿ ಅದೇ ನಡೆದರೆ ಮಾತ್ರ ಮುಂದಿನ ಹಂತಕ್ಕೆ ಹೋಗಬೇಕು.

ಹುಳುವಿನ ಮೈ ಹೇಳುವ ಸುಳಿವು

ತೊಟ್ಟಿಯ ಮುಂದೆ ಕುಳಿತು, ಮೇಲಿನ ಗೋಣಿ ತಟ್ಟನ್ನು ಸರಿಸಿ, ಹುಳು ಎಲ್ಲಿ ನಿಂತಿವೆ ಮತ್ತು ಹೇಗೆ ಕಾಣುತ್ತಿವೆ ಎಂಬುದನ್ನು ಸಾವಧಾನವಾಗಿ ನೋಡಬೇಕು. ಹುಳು ಬದುಕಿದ್ದು, ಸೊರಗಿ ಸಣ್ಣಗಾಗಿ, ಮೈ ಹೊಳಪು ಕಳೆದು, ಬಯೋಚಾರ್ ಇಲ್ಲದ ಮೂಲೆಯಲ್ಲಿ ಅಥವಾ ತೊಟ್ಟಿಯ ತಳದಲ್ಲಿ ಉಂಡೆಯಾಗಿ ಸೇರಿಕೊಂಡಿದ್ದರೆ ಅದು ಬಾಯಾರಿಕೆಯ ಲಕ್ಷಣ. ಬಯೋಚಾರ್ ಬಿದ್ದ ಪದರನ್ನು ಮುಟ್ಟಿದೊಡನೆ ಹುಳು ಥಟ್ಟನೆ ಮೈ ಹೊಸೆದು ಹಿಂದೆ ಸರಿಯುತ್ತಿದ್ದರೆ, ಮೈಮೇಲೆ ಹಳದಿ ಛಾಯೆಯ ಲೋಳೆ ಒಸರುತ್ತಿದ್ದರೆ ಬೂದಿಯ ಕ್ಷಾರವನ್ನೋ ಉಪ್ಪನ್ನೋ ಅನುಮಾನಿಸಬೇಕು. ಬಯೋಚಾರ್ ಹಾಕಿದ ಒಂದೆರಡು ದಿನದೊಳಗೆ ಎಲ್ಲವೂ ಒಮ್ಮೆಗೇ ಅಂಚಿಗೆ ಬಂದು, ಕೆಳಗಿನವು ಮೆತ್ತಗೆ ಕರಗಿದಂತೆ ಸತ್ತಿದ್ದರೆ, ಮೂಗಿಗೆ ಘಾಟು ಬಡಿದರೆ, ಅದು ಅಮೋನಿಯಾ ಇಲ್ಲವೇ ಬಿಸಿ. ಇವು ಸುಳಿವುಗಳೇ ಹೊರತು ಸಾಕ್ಷಿಯಲ್ಲ, ಎರಡು ದೋಷಗಳು ಒಟ್ಟಿಗೆ ಇರುವುದೂ ಉಂಟು. ಹಾಗಾಗಿ ಸುಳಿವನ್ನು ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು.

ನಾಲ್ಕು ಡಬ್ಬಿಗಳ ಪರೀಕ್ಷೆ

ಮಣ್ಣು ಎರೆಹುಳುವಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ಜಗತ್ತಿನ ಪ್ರಯೋಗಾಲಯಗಳು ಬಳಸುವ ಒಂದು ಮಾನಕ ಪರೀಕ್ಷೆ ಇದೆ. ಅದರ ಹೆಸರು ಐಎಸ್‌ಒ 17512-1. ಹುಳುವಿಗೆ ಎರಡು ಬಗೆಯ ಮಣ್ಣನ್ನು ಪಕ್ಕಪಕ್ಕದಲ್ಲಿಟ್ಟು, 48 ಗಂಟೆಗಳ ನಂತರ ಅದು ಯಾವ ಕಡೆ ಇದೆಯೆಂದು ಎಣಿಸುವುದೇ ಅದರ ತಿರುಳು. ಇದಕ್ಕೆ ಯಂತ್ರ ಬೇಡ, ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿ ಸಾಕು, ಮನೆಯ ಪಡಸಾಲೆಯಲ್ಲೇ ಮಾಡಬಹುದು.

ಡಬ್ಬಿಯ ನಡುವೆ ರಟ್ಟು ನಿಲ್ಲಿಸಿ, ಒಂದು ಬದಿಗೆ ಕಳಿತ ಸಗಣಿಗೊಬ್ಬರ ಬೆರೆಸಿದ ಮಣ್ಣನ್ನೂ, ಇನ್ನೊಂದು ಬದಿಗೆ ಅದೇ ಮಣ್ಣಿಗೆ ನೀವು ತೊಟ್ಟಿಗೆ ಹಾಕಿದ ಪ್ರಮಾಣದಲ್ಲೇ ಬಯೋಚಾರ್ ಬೆರೆಸಿದ್ದನ್ನೂ ತುಂಬಬೇಕು. ರಟ್ಟನ್ನು ಮೆಲ್ಲಗೆ ಎಳೆದು, ಕತ್ತಿನ ಬಳಿ ಪಟ್ಟಿ ಮೂಡಿದ, ಅಂದರೆ ಪ್ರಾಯಕ್ಕೆ ಬಂದ ಹತ್ತು ಹುಳುಗಳನ್ನು ಸರಿಯಾಗಿ ನಡುಗೆರೆಯ ಮೇಲೆ ಬಿಟ್ಟು, ಸಣ್ಣ ತೂತುಗಳಿರುವ ಮುಚ್ಚಳ ಹಾಕಿ, ನೆರಳಿನಲ್ಲಿ ಎರಡು ದಿನ ಅಲುಗಿಸದೆ ಇಡಬೇಕು. ನಂತರ ರಟ್ಟನ್ನು ಅದೇ ಜಾಗಕ್ಕೆ ಇಳಿಸಿ ಎರಡೂ ಬದಿಯ ಹುಳುಗಳನ್ನು ಎಣಿಸಬೇಕು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಹುಳು ಬಯೋಚಾರ್ ಇಲ್ಲದ ಬದಿಗೆ ಹೋಗಿದ್ದರೆ ಆ ಮಿಶ್ರಣ ಹುಳುವಿನ ವಾಸಕ್ಕೆ ತಕ್ಕುದಲ್ಲವೆಂದು ಆ ಮಾನಕ ಹೇಳುತ್ತದೆ. ಎರಡೂ ಬದಿಗೆ ಬರಿ ಮಣ್ಣನ್ನೇ ತುಂಬಿದ ಇನ್ನೊಂದು ಡಬ್ಬಿಯನ್ನೂ ಇಡಬೇಕು. ಅದರಲ್ಲಿ ಹುಳು ಹೆಚ್ಚು ಕಡಿಮೆ ಸಮನಾಗಿ ಹಂಚಿಕೊಳ್ಳದಿದ್ದರೆ ನಮ್ಮ ಪರೀಕ್ಷೆಯಲ್ಲೇ ಏನೋ ಕೊರತೆ ಇದೆಯೆಂದು ತಿಳಿದು ಮತ್ತೆ ಮಾಡಬೇಕು.

ಇಷ್ಟರಿಂದ ಹುಳು ಒಲ್ಲೆ ಎನ್ನುತ್ತದೆಯೋ ಇಲ್ಲವೋ ಎಂಬುದು ಮಾತ್ರ ತಿಳಿಯುತ್ತದೆ. ಏಕೆ ಒಲ್ಲೆ ಎನ್ನುತ್ತದೆ ಎಂಬುದನ್ನು ತಿಳಿಯಲು ನಾನು ಒಂದೇ ಬಯೋಚಾರನ್ನು ನಾಲ್ಕು ರೂಪದಲ್ಲಿ, ನಾಲ್ಕು ಡಬ್ಬಿಗಳಲ್ಲಿ ಪರೀಕ್ಷಿಸುತ್ತೇನೆ: ಒಣಗಿದ್ದು; ಮೂರು ದಿನ ನೀರಲ್ಲಿ ನೆನೆಸಿ ಆ ನೀರಿನ ಸಮೇತ ಬಳಸಿದ್ದು; ನೆನೆಸಿ, ನೀರು ಚೆಲ್ಲಿ, ಮತ್ತೆ ಎರಡು ಮೂರು ಸಲ ತೊಳೆದದ್ದು; ತೊಳೆದು ಕಳಿತ ಸಗಣಿಯಲ್ಲಿ ಮೂರು ವಾರ ಮುಚ್ಚಿಟ್ಟದ್ದು. ಒಣಗಿದ್ದನ್ನು ಬಿಟ್ಟು ಓಡಿದ ಹುಳು ನೆನೆಸಿದ್ದರಲ್ಲಿ ನಿಂತರೆ ದೋಷ ಬಾಯಾರಿಕೆಯದು. ನೆನೆಸಿದ್ದನ್ನೂ ಬಿಟ್ಟು, ತೊಳೆದದ್ದರಲ್ಲಿ ನಿಂತರೆ ದೋಷ ಬೂದಿಯದು, ಉಪ್ಪಿನದು. ತೊಳೆದದ್ದನ್ನೂ ಸಗಣಿಯಲ್ಲಿ ಇಟ್ಟದ್ದನ್ನೂ ಬಿಟ್ಟು ಹೋದರೆ ಇದ್ದಿಲು ಸರಿಯಾಗಿ ಬೇಯದೆ ಅದರಲ್ಲಿ ಟಾರು ಉಳಿದಿದೆ. ನಾಲ್ಕೂ ಡಬ್ಬಿಗಳಲ್ಲಿ ಹುಳು ನೆಮ್ಮದಿಯಾಗಿದ್ದು, ತೊಟ್ಟಿಯಲ್ಲಿ ಮಾತ್ರ ಸಾಯುತ್ತಿದ್ದರೆ ಬಯೋಚಾರನ್ನು ಬಿಟ್ಟು ತೊಟ್ಟಿಯನ್ನು ನೋಡಬೇಕು. ಡಬ್ಬಿ ಇಡಲು ಎರಡು ದಿನ, ತಯಾರಿಗೆ ಕೆಲವು ವಾರ ಬೇಕಾದೀತು. ಆದರೆ ಮುಂದಿನ ಹಂಗಾಮಿನವರೆಗೆ ಊಹೆಯಲ್ಲಿ ಕಾಲ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಬಾಯಾರಿದ ಇದ್ದಿಲು

ಎರೆಹುಳುವಿಗೆ ಶ್ವಾಸಕೋಶವಿಲ್ಲ. ಅದರ ಮೈಮೇಲಿನ ತೇವದಲ್ಲಿ ಆಮ್ಲಜನಕ ಕರಗಿ, ಚರ್ಮದ ಮೂಲಕವೇ ಒಳಗೆ ಹೋಗಬೇಕು. ಮೈ ಒಣಗಿತೆಂದರೆ ಉಸಿರು ಕಟ್ಟುತ್ತದೆ. ಹೊಸ ಇದ್ದಿಲಾದರೋ ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿದ್ದು, ಆ ರಂಧ್ರಗಳು ತುಂಬುವವರೆಗೆ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐಸೀನಿಯಾ ಫೆಟಿಡಾ ಎಂಬ ಕೆಂಪು ಎರೆಹುಳುವನ್ನು ಸೇಬಿನ ಮರದ ಚಕ್ಕೆಯ ಬಯೋಚಾರ್ ಬೆರೆಸಿದ ಮಣ್ಣಿಗೆ ಬಿಟ್ಟಾಗ, ಒಣ ಬಯೋಚಾರ್ ಇದ್ದಲ್ಲಿಂದ ಹುಳು ತಪ್ಪಿಸಿಕೊಂಡಿತು, ತೂಕವನ್ನೂ ಕಳೆದುಕೊಂಡಿತು. ಅದೇ ಬಯೋಚಾರನ್ನು ಮೊದಲೇ ಚೆನ್ನಾಗಿ ನೀರುಣಿಸಿ ಬೆರೆಸಿದಾಗ ಆ ತೊಂದರೆ ಇಲ್ಲವಾಯಿತು. ಆ ಪ್ರಯೋಗದ ಪ್ರಮಾಣವನ್ನೂ ಗಮನಿಸಬೇಕು: ಒಂದು ಕಿಲೋ ಮಣ್ಣಿಗೆ 100 ಹಾಗೂ 200 ಗ್ರಾಂ. ಹೊಲದಲ್ಲಿ ಯಾರೂ ಅಷ್ಟು ಹಾಕುವುದಿಲ್ಲ, ಆದರೆ ತೊಟ್ಟಿಯಲ್ಲಿ ಬುಟ್ಟಿ ಲೆಕ್ಕದಲ್ಲಿ ಸುರಿಯುವವರು ಅಷ್ಟಕ್ಕೆ ಸುಲಭವಾಗಿ ಮುಟ್ಟುತ್ತಾರೆ.

ಈ ದೋಷ ಕಣ್ಣು ತಪ್ಪಿಸುವುದೇ ಹೆಚ್ಚು, ಏಕೆಂದರೆ ಬೆಳಿಗ್ಗೆ ನೀರು ಚಿಮುಕಿಸಿದ ತೊಟ್ಟಿಯ ಮೇಲ್ಭಾಗ ಹಸಿಯಾಗಿಯೇ ಕಾಣುತ್ತದೆ. ಅರ್ಧ ಅಡಿ ಕೆಳಗಿನಿಂದ ಒಂದು ಹಿಡಿ ತೆಗೆದು ಬಲವಾಗಿ ಹಿಂಡಬೇಕು. ಬೆರಳ ಸಂದಿಯಿಂದ ಒಂದೆರಡು ಹನಿ ಇಳಿಯಬೇಕು. ಹನಿ ಇಳಿಯದೆ, ಇದ್ದಿಲಿನ ಚೂರಿನ ಸುತ್ತ ಗೊಬ್ಬರ ಪುಡಿಪುಡಿಯಾಗಿದ್ದರೆ ಆ ಚೂರನ್ನು ಉಗುರಿನಿಂದ ಸೀಳಿ ನೋಡಬೇಕು. ಹೊರಮೈ ಒದ್ದೆಯಾಗಿದ್ದು ಒಡಲು ಬೂದು ಬಣ್ಣದಲ್ಲಿ ಒಣಗಿದ್ದರೆ, ಅದು ಇನ್ನೂ ಕುಡಿಯುತ್ತಿದೆ ಎಂದರ್ಥ.

ನಿವಾರಣೆಯಲ್ಲಿ ಆತುರ ಬೇಡ. ಇದ್ದಿಲನ್ನು ಸಾಸಿವೆಯಿಂದ ಕಡಲೆಕಾಳಿನವರೆಗಿನ ಗಾತ್ರಕ್ಕೆ ಕುಟ್ಟಿ, ಗೋಣಿಚೀಲದಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ, ನೀರಿನ ತೊಟ್ಟಿಯಲ್ಲಿ ಮೂರು ದಿನ ಮುಳುಗಿಸಬೇಕು. ಕಲ್ಲು ಹೇರದಿದ್ದರೆ ಇದ್ದಿಲು ತೇಲುತ್ತದೆ, ತೇಲಿದ್ದು ನೆನೆಯುವುದಿಲ್ಲ. ತೆಗೆಯುವಾಗ ಒಂದು ಹಿಡಿಯನ್ನು ಬಕೆಟ್ಟಿಗೆ ಹಾಕಿ, ಹೆಚ್ಚಿನ ಪಾಲು ತಳಕ್ಕೆ ಇಳಿಯುತ್ತದೆಯೇ ಎಂದು ನೋಡಬೇಕು. ಈಗಾಗಲೇ ಒಣ ಇದ್ದಿಲು ಸೇರಿರುವ ತೊಟ್ಟಿಗೆ ಒಮ್ಮೆಗೇ ನೀರು ಹೊಯ್ಯಬಾರದು. ತಳದಲ್ಲಿ ನೀರು ನಿಂತು ಗಾಳಿ ಕಟ್ಟಿದರೆ ಹುಳು ಅದರಿಂದಲೂ ಸಾಯುತ್ತದೆ. ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪವಾಗಿ ಚಿಮುಕಿಸುತ್ತ, ಮೇಲೆ ಗೋಣಿ ತಟ್ಟನ್ನು ಸದಾ ಒದ್ದೆಯಾಗಿಟ್ಟು ಒಂದು ವಾರ ಕಾಯಬೇಕು. ಸೊರಗಿದ ಹುಳು ಈ ಒಂದು ವಾರದಲ್ಲಿ ಮತ್ತೆ ಹೊಳಪು ಪಡೆಯುವುದನ್ನು ನೋಡುವುದು ಮನಸ್ಸಿಗೆ ಬಹಳ ಸಮಾಧಾನ ಕೊಡುವ ಸಂಗತಿ.

ಬೂದಿಯ ಕ್ಷಾರ ಮತ್ತು ಉಪ್ಪು

ಯಾವುದರಿಂದ ಇದ್ದಿಲು ಮಾಡಿದ್ದೀರಿ ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಗಟ್ಟಿ ಕಟ್ಟಿಗೆಯ ಇದ್ದಿಲಿನಲ್ಲಿ ಬೂದಿಯ ಪಾಲು ಕಡಿಮೆ. ಜೋಳದ ಕಣಿಕೆ, ಗೋವಿನಜೋಳದ ದಂಟಿನಂಥವುಗಳ ಇದ್ದಿಲಿನಲ್ಲಿ ಹೆಚ್ಚು. ಭತ್ತದ ಹೊಟ್ಟಿನದರಲ್ಲಿ ಇನ್ನೂ ಹೆಚ್ಚು, ಆದರೆ ಅದರ ಬಹುಪಾಲು ಸಿಲಿಕಾ. ಕೋಳಿಗೊಬ್ಬರವನ್ನು ಸುಟ್ಟು ಮಾಡಿದ ಬಯೋಚಾರಿನಲ್ಲಿ ಕ್ಷಾರವೂ ಲವಣವೂ ಎರಡೂ ತೀವ್ರವಾಗಿರುತ್ತವೆ. ಪೈನ್ ಚಕ್ಕೆಯ ಬಯೋಚಾರನ್ನೂ ಕೋಳಿಗೊಬ್ಬರದ ಬಯೋಚಾರನ್ನೂ ಹೋಲಿಸಿ 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲನೆಯದು ಹುಳುಗಳನ್ನು ಕೊಲ್ಲಲಿಲ್ಲ, ಎರಡನೆಯದು ಪ್ರಮಾಣ ಹೆಚ್ಚಾದಂತೆ ಕೊಂದಿತು. ಸುಡುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ: ಕೆಂಡ ಹೊಳೆಯುತ್ತಿರುವಾಗಲೇ ನೀರು ಹಾಕಿ ಆರಿಸಿದರೆ ಬೂದಿ ಕಡಿಮೆ, ಬಿಳಿ ಪದರು ಕಟ್ಟುವವರೆಗೆ ಬಿಟ್ಟರೆ ಹೆಚ್ಚು. ಕೆಲವೆಡೆ ಅಕ್ಕಿ ಗಿರಣಿಯ ಒಲೆಯಿಂದ ತೆಗೆದ ಕರಿ ಬೂದಿಯನ್ನೇ ಬಯೋಚಾರ್ ಎಂದು ಮಾರುವುದನ್ನು ನೋಡಿದ್ದೇನೆ. ಬೆರಳಿನಲ್ಲಿ ಉಜ್ಜಿದಾಗ ಕರಿ ಚೂರು ಉಳಿಯದೆ ಹಿಟ್ಟಿನಂಥ ಬೂದು ಪುಡಿಯಾದರೆ ಕೊಳ್ಳಬಾರದು.

ಪರೀಕ್ಷೆಗೆ ಒಂದು ಲೋಟ ಬಯೋಚಾರಿಗೆ ಐದು ಲೋಟ ಮಳೆನೀರು ಅಥವಾ ಶುದ್ಧ ಕುಡಿಯುವ ನೀರನ್ನು ಬೆರೆಸಿ, ಆಗಾಗ ಕಲಕುತ್ತ ಒಂದು ಗಂಟೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ರಸಸಾರವನ್ನು, ಅಂದರೆ ಹುಳಿ-ಕ್ಷಾರದ ಅಳತೆಯನ್ನು (ಪಿಎಚ್), ತೋರಿಸುವ ಪಟ್ಟಿಯನ್ನು ಅದ್ದಿ ನೋಡಬೇಕು. ಬಯೋಚಾರಿನ ರಸಸಾರ 8ರಿಂದ 10ರವರೆಗೆ ಇರುವುದು ಸಾಮಾನ್ಯ. 9 ದಾಟಿದ್ದನ್ನು ತೊಳೆಯದೆ ತೊಟ್ಟಿಗೆ ಹಾಕಬಾರದೆಂಬುದು ನನ್ನ ನಿಯಮ. ಉಪ್ಪಿಗಾಗಿ, ನೀರು ಶುದ್ಧೀಕರಣ ಯಂತ್ರ ದುರಸ್ತಿ ಮಾಡುವವರು ಬಳಸುವ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸಾಕು. ಬೆರೆಸುವ ಮೊದಲಿನ ನೀರಿನ ಅಂಕಿಯನ್ನೂ ಸೋಸಿದ ನೀರಿನ ಅಂಕಿಯನ್ನೂ ಬರೆದುಕೊಂಡು, ಪ್ರತಿ ತೊಳೆತದ ನಂತರ ಮತ್ತೆ ಅಳೆಯಬೇಕು. ಅಂಕಿ ಇಳಿಯುವುದು ನಿಂತಾಗ ತೊಳೆಯುವುದನ್ನೂ ನಿಲ್ಲಿಸಬಹುದು. ಬೋರ್‌ವೆಲ್ ನೀರೇ ಸವಳಾಗಿದ್ದರೆ ಎಷ್ಟು ತೊಳೆದರೂ ಫಲವಿಲ್ಲ. ಅಂಥ ಊರುಗಳಲ್ಲಿ ಇದ್ದಿಲನ್ನು ಮುಂಗಾರಿಗೆ ಮೊದಲೇ ಇಳಿಜಾರಿನ ತಾಡಪತ್ರಿಯ ಮೇಲೆ ಹರಡಿ ಮಳೆಗೆ ತೊಳೆಯಲು ಬಿಡುವುದು ಉತ್ತಮ.

ನಮ್ಮ ಜಿಲ್ಲೆಗಳ ಮಣ್ಣಿನಲ್ಲಿರುವ ಭೇದವನ್ನು ಇಲ್ಲಿ ಮರೆಯಬಾರದು. ನವಲಗುಂದ, ನರಗುಂದ, ಅಣ್ಣಿಗೇರಿ ಭಾಗದ ಎರಿ ಮಣ್ಣು ತಾನಾಗಿಯೇ ಕ್ಷಾರಗುಣದ್ದು, ಅದರಲ್ಲಿ ಸುಣ್ಣದ ಹರಳೂ ಇದೆ. ಮಲಪ್ರಭಾ ಕಾಲುವೆಯ ನೀರಾವರಿಯಲ್ಲಿ ಸವಳು ಏರಿದ ಹೊಲಗಳಲ್ಲಿ ಬೂದಿ ತುಂಬಿದ ಬಯೋಚಾರ್ ಹಾಕುವುದೆಂದರೆ ಗಾಯಕ್ಕೆ ಉಪ್ಪು ಸವರಿದಂತೆ. ಕಲಘಟಗಿ, ಹಾನಗಲ್ ಕಡೆಯ ಮಳೆ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಹುಳಿಯ ಅಂಶ ಇರುವಲ್ಲಿ ಅದೇ ಕ್ಷಾರ ಹಿತವಾಗಬಹುದು. ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಾಗದದ ಕಾರ್ಖಾನೆಯ ತ್ಯಾಜ್ಯದಿಂದ ಮಾಡಿದ ಬಯೋಚಾರನ್ನು ಹುಳಿಗುಣದ ಕೆಂಪು ಮಣ್ಣಿಗೆ ಬೆರೆಸಿದಾಗ ಎರೆಹುಳು ಬರಿ ಮಣ್ಣಿಗಿಂತ ಆ ಮಿಶ್ರಣವನ್ನೇ ಮೆಚ್ಚಿ ಸೇರಿದವು. ಸುಣ್ಣ ತುಂಬಿದ ಮಣ್ಣಿನಲ್ಲಿ ಅಂಥ ಒಲವು ಕಾಣಲಿಲ್ಲ. ಆದ್ದರಿಂದ ಹಾನಗಲ್ಲಿನ ಗೆಳೆಯರ ಅನುಭವವನ್ನು ನವಲಗುಂದಕ್ಕೆ ಹಾಗೆಯೇ ಒಯ್ಯಬಾರದು. ಮಣ್ಣಿನ ರಸಸಾರ ಗೊತ್ತಿಲ್ಲದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಹುಲಕೋಟಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲೋ ವಿಚಾರಿಸಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು. ತೊಳೆದ ನೀರಿನಲ್ಲಿ ಪೊಟ್ಯಾಷ್ ಇರುತ್ತದೆ. ಅದನ್ನು ಕೆಂಪು ಮಣ್ಣಿನ ಗಿಡಗಳ ಬುಡಕ್ಕೆ ಹಾಕಬಹುದು, ಎರಿ ಹೊಲಕ್ಕೆ ಬೇಡ.

ಹಸಿ ಸಗಣಿ, ಇದ್ದಿಲು ಮತ್ತು ಅಮೋನಿಯಾ

ಈ ದೋಷವನ್ನು ನಾನು ಕಲಿತದ್ದು ನನ್ನದೇ ತೊಟ್ಟಿಯಲ್ಲಿ. ಕೊಟ್ಟಿಗೆಯಿಂದ ತಂದ ಎರಡು ದಿನದ ಸಗಣಿಯನ್ನು ಗಂಜಲದ ಸಮೇತ ತುಂಬಿ, ಅದರ ಮೇಲೆ ಹತ್ತಿಕಟ್ಟಿಗೆಯ ಇದ್ದಿಲನ್ನು ಎರಡು ಬುಟ್ಟಿ ಸುರಿದು, ಚೆನ್ನಾಗಿ ನೀರು ಹಾಕಿ ಮಲಗಿದ್ದೆ. ಬೆಳಿಗ್ಗೆ ಪಕ್ಕದ ಹೊಲದ ಹಿರಿಯರು ಬಂದು ಕದ ಬಡಿದರು.

“ತಮ್ಮಾ, ನಿನ್ನ ಎರಿಹುಳಾ ಎಲ್ಲಾ ಗ್ವಾಡಿ ಏರ್ಯಾವ ನೋಡು. ಏನ ಹಾಕೀದಿ ಅದರಾಗ?”

“ಇದ್ಲಿ ಪುಡಿ ಹಾಕೇನ್ರಿ ದೊಡ್ಡಪ್ಪಾ. ನೀರೂ ಭಾಳ ಹಾಕೇನ್ರಿ.”

“ಹಸೀ ಶಗಣಿ ಮ್ಯಾಲ ಹಾಕೀಯೋ, ಕಳತದ್ದರ ಮ್ಯಾಲೋ? ಒಂದ ಮುಟಗಿ ತಗೊಂಡ ಮೂಗಿನ ಹತ್ರ ಹಿಡಿ.”

ಹಿಡಿದೆ. ಕಣ್ಣಲ್ಲಿ ನೀರು ಬಂತು. ತೊಟ್ಟಿಯ ಸಿಮೆಂಟ್ ಗೋಡೆಯ ಮೇಲಂಚಿನುದ್ದಕ್ಕೂ ಹುಳುಗಳು ಒಂದರ ಮೇಲೊಂದು ಹೆಣೆದುಕೊಂಡು ಹಗ್ಗದಂತೆ ಸುತ್ತುಗಟ್ಟಿದ್ದವು, ಕೆಳಗಿನ ಸಗಣಿಯಲ್ಲಿ ಕೈ ಇಟ್ಟರೆ ಬಿಸಿ ತಾಗುತ್ತಿತ್ತು.

ನಡೆದದ್ದು ಇಷ್ಟು. ಹಸಿ ಸಗಣಿ ಮತ್ತು ಗಂಜಲದಲ್ಲಿ ಸಾರಜನಕ ಅಮೋನಿಯಂ ರೂಪದಲ್ಲಿ ಕರಗಿರುತ್ತದೆ. ಆ ರೂಪ ಹುಳುವಿಗೆ ಅಷ್ಟಾಗಿ ಕೆಡುಕಲ್ಲ. ರಸಸಾರ ಏರಿದಂತೆ ಅದು ಅಮೋನಿಯಾ ಅನಿಲವಾಗಿ ಬದಲಾಗುತ್ತದೆ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ರಸಸಾರ 7 ಇದ್ದಾಗ ಒಟ್ಟು ಅಮೋನಿಯಂನಲ್ಲಿ ಶೇ. 1ರಷ್ಟೂ ಅನಿಲ ರೂಪದಲ್ಲಿರುವುದಿಲ್ಲ. 8ರಲ್ಲಿ ಸುಮಾರು ಶೇ. 5, 9ರಲ್ಲಿ ಶೇ. 36ರಷ್ಟಾಗುತ್ತದೆ. ತೊಳೆಯದ ಇದ್ದಿಲಿನ ಬೂದಿ ರಸಸಾರವನ್ನು ಏರಿಸಿತು, ಇದ್ದಿಲಿನ ಸಂದುಗಳಿಂದ ಗಾಳಿ ಆಡಿ ಸಗಣಿ ಬೇಗನೆ ಬಿಸಿಯೇರಿತು, ಬಿಸಿ ಏರಿದಂತೆ ಅನಿಲವೂ ಹೆಚ್ಚಿತು. ಇದ್ದಿಲನ್ನು ನೆನೆಸಿದ್ದೆನೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ಹುಳುವನ್ನು ಉಳಿಸಬೇಕು. ಗೋಡೆಯ ಮೇಲಿನವನ್ನು ಕೈಯಿಂದ ಬಳಿದು, ಒದ್ದೆ ಗೋಣಿ ತಟ್ಟಿನ ಮೇಲೆ ಹಾಕಿ, ಹಳೆಯ ಕಳಿತ ಗೊಬ್ಬರವಿರುವ ಬೇರೆ ಪಾತ್ರೆಗೆ ನೆರಳಿನಲ್ಲಿ ಬಿಡಬೇಕು. ತೊಟ್ಟಿಯ ಸಗಣಿಯನ್ನು ಹೊರಗೆಳೆದು, ಒಣ ಎಲೆಯನ್ನೋ ಕಣಿಕೆಯ ಚೂರನ್ನೋ ಧಾರಾಳವಾಗಿ ಬೆರೆಸಿ, ತಿಪ್ಪೆಯಂತೆ ಒಟ್ಟಿ, ವಾರಕ್ಕೊಮ್ಮೆ ತಿರುವಿ ಹಾಕಬೇಕು. ಸುಣ್ಣವನ್ನಾಗಲಿ ಬೂದಿಯನ್ನಾಗಲಿ ವಾಸನೆ ಹೋಗಲೆಂದು ಎರಚಲೇಬಾರದು, ಅದು ಅಮೋನಿಯಾವನ್ನು ಇನ್ನಷ್ಟು ಎಬ್ಬಿಸುತ್ತದೆ. ಬಿಸಿ ಆರಿ, ಘಾಟು ಅಡಗಿ, ಮೊದಲ ಮಳೆಯ ಮಣ್ಣಿನಂಥ ವಾಸನೆ ಬಂದ ಮೇಲೆ ಐದು ಹುಳುಗಳನ್ನು ಮಾತ್ರ ಬಿಟ್ಟು ಒಂದು ದಿನ ನೋಡಬೇಕು. ಅವು ಕೆಳಗಿಳಿದು ಅಲ್ಲೇ ಉಳಿದರೆ ಉಳಿದವನ್ನೂ ಬಿಡಬಹುದು. ಅಂದಿನಿಂದ ನಾನು ತೊಳೆದ ಇದ್ದಿಲನ್ನು ಸಗಣಿಯ ಜೊತೆಗೇ ತಿಪ್ಪೆಯಲ್ಲಿ ಕಳಿಯಲು ಬಿಟ್ಟು, ಹತ್ತು ಬುಟ್ಟಿ ಗೊಬ್ಬರಕ್ಕೆ ಒಂದು ಬುಟ್ಟಿ ಮೀರದಂತೆ ನೋಡಿಕೊಂಡು, ಬಿಸಿ ಆರಿದ ಮೇಲೆಯೇ ತೊಟ್ಟಿಗೆ ತುಂಬುತ್ತಿದ್ದೇನೆ.

ಬೇಯದ ಇದ್ದಿಲು

ಈ ದೋಷ ಅಪರೂಪ, ಗುರುತಿಸುವುದೂ ಸುಲಭ. ಕಂದು ಬಣ್ಣದ, ಹೊಗೆಯ ವಾಸನೆ ಬರುವ, ಮುರಿದಾಗ ಟಣ್ಣೆನ್ನದೆ ನಾರಿನಂತೆ ಸೀಳುವ ಇದ್ದಿಲಿನಲ್ಲಿ ಟಾರು ಉಳಿದಿರುತ್ತದೆ. ಅಂಗೈಯಲ್ಲಿ ಒದ್ದೆ ಮಾಡಿ ಉಜ್ಜಿ, ಬರಿ ನೀರಿನಲ್ಲಿ ತೊಳೆದಾಗ ಮಸಿ ಹೋಗಿಬಿಟ್ಟರೆ ಇದ್ದಿಲು ಚೆನ್ನಾಗಿದೆ. ಸಾಬೂನು ಬೇಕಾದರೆ ಜಿಡ್ಡಿದೆ. ಟಾರಿನ ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ, ಅದರಲ್ಲಿರುವ ಕೆಲವು ರಾಸಾಯನಿಕಗಳು ಹುಳುವಿನ ಚರ್ಮಕ್ಕೆ ವಿಷ. ತೊಳೆದು ಪ್ರಯೋಜನವಿಲ್ಲ, ಮುಂದಿನ ಸಲದ ಸುಡುವಿಕೆಯಲ್ಲಿ ಕಟ್ಟಿಗೆಯ ಜೊತೆ ಮತ್ತೆ ಹಾಕಿ ಬೇಯಿಸುವುದೇ ದಾರಿ.

ಹೊಲದಲ್ಲಿ

ಹೆಕ್ಟೇರಿಗೆ 10 ಟನ್ ಬಯೋಚಾರ್ ಎಂದರೆ ಚದರ ಮೀಟರಿಗೆ ಒಂದೇ ಕಿಲೋ. ಅದನ್ನು ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿ, ಅಂದರೆ ಸುಮಾರು 200 ಕಿಲೋ ಮಣ್ಣಿನಲ್ಲಿ, ಸಮನಾಗಿ ಬೆರೆಸಿದರೆ ಪಾಲು ಶೇ. 0.5 ಮಾತ್ರ. ಹೀಗಾಗಿ ಸಮನಾಗಿ ಹರಡಿದ ಹೊಲದಿಂದ ಹುಳು ಓಡುವ ಸಂಭವ ಕಡಿಮೆ. ಓಡಿದ್ದರೆ ಟ್ರ್ಯಾಲಿಯಿಂದ ಇಳಿಸಿದ ರಾಶಿಯ ಜಾಗಗಳಲ್ಲಿ, ಬಿತ್ತುವ ಸಾಲಿನಲ್ಲಿ ಒತ್ತೊತ್ತಾಗಿ ಸುರಿದಲ್ಲಿ, ಅಥವಾ ಹರಗದೆ ಮೇಲೆಯೇ ಬಿಟ್ಟ ಕರಿ ಪದರು ಬಿಸಿಲಿಗೆ ಕಾದಲ್ಲಿ ಓಡಿರುತ್ತದೆ. ಗುಂಡಿ ತೆಗೆದು ಎಣಿಸುವಾಗ ಈ ಜಾಗಗಳನ್ನು ಬೇರೆಯಾಗಿ ಗುರುತಿಸಿ, ಅಲ್ಲಿಯ ಇದ್ದಿಲನ್ನು ಎಳೆದು ಹರಡಬೇಕು.

ಕೀಟನಾಶಕದ ವಿಷಯದಲ್ಲಿ ಬಯೋಚಾರಿಗೆ ಎರಡು ಮುಖ. ಕ್ಲೋರ್‌ಪೈರಿಫಾಸ್‌ನಂಥ ಔಷಧವನ್ನು ಇದ್ದಿಲು ತನ್ನ ಮೈಗೆ ಹಿಡಿದಿಟ್ಟುಕೊಂಡು ಹುಳುವಿನ ಮೈ ಸೇರುವ ಪಾಲನ್ನು ತಗ್ಗಿಸುತ್ತದೆ. ಹಾಗೆ ಹಿಡಿದಿಟ್ಟದ್ದು ಸೂಕ್ಷ್ಮಜೀವಿಗಳಿಗೆ ಸಿಗದೆ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಹತ್ತಿ ಬೆಳೆಯುವ ಹೊಲಗಳಲ್ಲಿ ಬಯೋಚಾರ್ ಇದೆಯೆಂಬ ಧೈರ್ಯದಿಂದ ಸಿಂಪರಣೆ ಹೆಚ್ಚಿಸುವುದು ತಪ್ಪು.

ದೋಷ ತಿದ್ದಿದ ಮೇಲೆ ಹುಳು ಬಯೋಚಾರನ್ನು ಒಪ್ಪಿತೋ ಇಲ್ಲವೋ ಎಂಬುದನ್ನು ಅದರ ಹಿಕ್ಕೆಯೇ ಹೇಳುತ್ತದೆ. ಎರೆಹುಳು ಮಣ್ಣಿನ ಜೊತೆ ಇದ್ದಿಲಿನ ಸಣ್ಣ ಹರಳನ್ನೂ ನುಂಗಿ, ಅರೆಯುವ ಚೀಲದಲ್ಲಿ ನುಣ್ಣಗೆ ಮಾಡಿ, ಲೋಳೆ ಬೆರೆಸಿ ಹೊರಹಾಕುತ್ತದೆ. ಫ್ರೆಂಚ್ ಗಯಾನಾದ ಕಾಡಿನ ಹೊಲಗಳಲ್ಲಿ ಪೊಂಟೊಸ್ಕೋಲೆಕ್ಸ್ ಕೊರೆತ್ರೂರಸ್ ಎಂಬ ಹುಳು ಇದನ್ನೇ ಮಾಡುವುದನ್ನು ವಿಜ್ಞಾನಿಗಳು ಕಂಡಿದ್ದಾರೆ, ಅಮೆಜಾನ್ ಪ್ರದೇಶದ ಹಳೆಯ ಕರಿ ಮಣ್ಣಿನ ಹುಟ್ಟಿನಲ್ಲಿ ಅದರ ಕೈವಾಡವೂ ಇರಬಹುದೆಂದು ಹೇಳಿದ್ದಾರೆ. ಹುಲ್ಲುಗಾವಲಿನ ಮೇಲೆ ಹರಡಿದ ಸುಣ್ಣ ಮತ್ತು ಕಿಟ್ಟ ಕೆಲವು ವರ್ಷಗಳಲ್ಲಿ ನೆಲದೊಳಗೆ ಇಳಿದಿರುವುದನ್ನು 1837ರಲ್ಲಿಯೇ ಚಾರ್ಲ್ಸ್ ಡಾರ್ವಿನ್ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ವಿವರಿಸಿ, ಅದು ಎರೆಹುಳುಗಳ ಕೆಲಸವೆಂದು ತೋರಿಸಿದ್ದರು. ನಮ್ಮ ಇದ್ದಿಲನ್ನೂ ಆಳಕ್ಕೆ ಒಯ್ಯುವ ಆಳು ಅದೇ.

ಮಳೆ ಹಿಡಿದ ಒಂದು ತಿಂಗಳ ನಂತರ, ಬೆಳಗಿನ ಹೊತ್ತು ಹೊಲದಲ್ಲಿ ಹೊಸ ಹಿಕ್ಕೆಯನ್ನು ಹತ್ತು ಕಡೆಯಿಂದ ಆರಿಸಿ ತಂದು, ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಬೆರಳಿನಿಂದ ಕರಗಿಸಬೇಕು. ಮಣ್ಣು ಹರಡಿಕೊಂಡ ಮೇಲೆ ಗಸಗಸೆಗಿಂತ ಸಣ್ಣ ಕರಿ ಚುಕ್ಕೆಗಳು ತಟ್ಟೆಯಲ್ಲಿ ಉಳಿಯುತ್ತವೆ. ಎರಿ ಮಣ್ಣಿನಲ್ಲಿ ಇವು ತಕ್ಷಣ ಕಾಣುವುದಿಲ್ಲ, ಎರಡು ಮೂರು ಸಲ ನೀರು ಬದಲಿಸಿ, ತಟ್ಟೆಯನ್ನು ಬಿಸಿಲಿಗೆ ಓರೆ ಮಾಡಿ ನೋಡಬೇಕು. ಚುಕ್ಕೆ ಇದ್ದರೆ ಹುಳು ಬಯೋಚಾರ್ ಇರುವ ಮಣ್ಣನ್ನು ಉಣ್ಣುತ್ತಿದೆ. ಹಿಕ್ಕೆ ಇದ್ದೂ ಒಂದರಲ್ಲೂ ಚುಕ್ಕೆ ಸಿಗದಿದ್ದರೆ ಅದು ಬಯೋಚಾರಿನ ಪದರನ್ನು ತಪ್ಪಿಸಿಕೊಂಡು ಬೇರೆ ಕಡೆ ಮೇಯುತ್ತಿದೆ ಎಂದು ತಿಳಿದು, ಹೊಲದಿಂದ ಒಂದು ಬುಟ್ಟಿ ಮಣ್ಣು ತಂದು ನಾಲ್ಕು ಡಬ್ಬಿಗಳನ್ನು ಮತ್ತೆ ಇಡಬೇಕು.